ನಾಲ್ಕನೆಯವ

ಮೂವರು ಕಂಪನಿ ಬಿಟ್ಟು ಹೋಗಿ ಇವತ್ತಿಗೆ ಹನ್ನೊಂದು ದಿನ. ಈ ಹನ್ನೊಂದು ದಿನದಲ್ಲಿ ಶ್ರೀರಾಮನನ್ನು ಕಂಡವರೆಲ್ಲ ಕೇಳಿದ್ದು ಒಂದೇ ಮಾತು, ನಿನ್ನನ್ನೂ ಕರೆದಿರಬೇಕಲ್ಲವಾ ಎಂದು. ಕುಮಟೆಯಲ್ಲಿ ಹೊನ್ನಾವರದ ಬಸ್ಸಿಗೆ ಕಾಯುತ್ತ ನಿಂತಾಗ ಕೇಳಿದರು, ಆಫೀಸಿನ ಕೆಳಗಿನ ಚಾ ಅಂಗಡಿಯಲ್ಲಿ ಕೇಳಿದರು, ಹಿರೇಗುತ್ತಿಯಿಂದ ಬದನೆಕಾಯಿ ಚೀಲ ತಂದಿಟ್ಟು ಹೋದ ಅಣ್ಣನೂ ಚಪ್ಪಲಿ ಮೆಟ್ಟುತ್ತ ಕೇಳಿದ. ಶ್ರೀರಾಮ ಪ್ರತಿ ಸಲವೂ ಒಂದು ನಗು ನಕ್ಕ. ಹೌದು ಎನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆ ನಗುವಿಗೆ ಯಾರು ಯಾವ ಅರ್ಥ ಬೇಕಾದರೂ ಹಚ್ಚಿಕೊಳ್ಳಬಹುದಿತ್ತು; ಎಲ್ಲರೂ ಹಚ್ಚಿಕೊಂಡದ್ದು ಒಂದೇ ಅರ್ಥ. ನಿಜವೆಂದರೆ ಅವನನ್ನು ಯಾರೂ ಕರೆದಿರಲಿಲ್ಲ. ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ, ಊಟದ ಹೊತ್ತಿಗೆ ಡಬ್ಬಿ ಬಿಚ್ಚುವಾಗ ಒಂದು ಅರ್ಧ ಮಾತೂ ಇಲ್ಲ. ಧನ್ಯಶ್ರೀ, ದೇವರಾಜ, ಲೋಕೇಶ ಮೂವರೂ ಅವನ ಕೈಕೆಳಗೆ ಕೆಲಸ ಕಲಿತವರು. ದೇವರಾಜನಿಗಂತೂ ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಹೇಗೆಂದು ಪಕ್ಕದಲ್ಲಿ ಕೂತು ಆರು ತಿಂಗಳು ಹೇಳಿಕೊಟ್ಟಿದ್ದ. ಅವರು ಅವನ ಎದುರಿನ ಕುರ್ಚಿಗಳಲ್ಲೇ ಕೂತು, ಅವನು ತಂದ ಚಕ್ಕುಲಿ ತಿನ್ನುತ್ತಲೇ, ಒಂದು ಹೊಸ ಕಂಪನಿಯನ್ನು ಕಟ್ಟಿಕೊಂಡು ಎದ್ದು ಹೋಗಿದ್ದರು. ಹೋಗುವ ದಿನ ಧನ್ಯಶ್ರೀ ಬಂದು, 'ಬತ್ತೆ ಶ್ರೀರಾಮಣ್ಣ' ಎಂದಿದ್ದಳು. ಮದುವೆಗೆ ಊರನ್ನೆಲ್ಲ ಕರೆದು ಪಕ್ಕದ ಮನೆಯನ್ನು ಬಿಟ್ಟ ಹಾಗೆ ಅವನಿಗೆ ಆಯಿತು. ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು, ಎಂದು ಅವನು ತನಗೆ ತಾನೇ ಹೇಳಿಕೊಂಡ. ದಿನಕ್ಕೆ ಹತ್ತು ಸಲ ಹೇಳಿಕೊಂಡ.

ಈಗ ಅವನು ಸುಧಾಕರನ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತಿದ್ದ. ಮಂಕಿ ದಾಟಿತ್ತು. ಸುಧಾಕರ ಮೇಸ್ತ ಡ್ರೈವರನ್ನು ಬಿಟ್ಟು ತಾನೇ ಗಾಡಿ ಓಡಿಸುತ್ತಿದ್ದಾನೆಂದರೆ ತಲೆ ಕೆಟ್ಟಿದೆ ಎಂದೇ ಅರ್ಥ. 'ಕಡಲಕೂಗು' ಅವನ ಕಂಪನಿ. ದೋಣಿಯವರು ಕಡಲಲ್ಲಿದ್ದಾಗಲೇ ಏನು ಮೀನು ಬಿದ್ದಿದೆ, ಎಷ್ಟು ಬುಟ್ಟಿ, ಎಷ್ಟು ಹೊತ್ತಿಗೆ ದಡಕ್ಕೆ ಬರುತ್ತೇವೆ ಎಂದು ಫೋನಿನಲ್ಲಿ ಒತ್ತುತ್ತಾರೆ. ಗೋವಾದ, ಕೇರಳದ ವ್ಯಾಪಾರಿಗಳು ಕೂತಲ್ಲಿಂದಲೇ ಹರಾಜು ಕೂಗುತ್ತಾರೆ. ಕಾರವಾರದಿಂದ ಮಲ್ಪೆಯವರೆಗೆ ಮೂರು ಸಾವಿರ ದೋಣಿ. ನಡುವೆ ಇಬ್ಬರು ಮೂವರು ಪೈಪೋಟಿಗೆ ಬಂದರು, ಒಂದು ಮಳೆಗಾಲ ಕಳೆಯುವುದರೊಳಗೆ ಬಾಗಿಲು ಹಾಕಿಕೊಂಡು ಹೋದರು. ಅಂಥ ಕಂಪನಿಯ ಯಜಮಾನ ಇಪ್ಪತ್ತಾರು ಇಪ್ಪತ್ತೆಂಟು ವಯಸ್ಸಿನ ಮೂವರಿಗೆ ಹೆದರಿ ನಿದ್ದೆಗೆಟ್ಟಿದ್ದಾನೆ ಎಂದರೆ ಹೊರಗಿನವರು ನಕ್ಕಾರು. ಶ್ರೀರಾಮ ನಗಲಾರ. ಯಾಕೆ ಹೆದರಿದ್ದಾನೆಂದು ಅವನಿಗೆ ಗೊತ್ತು. ಹನ್ನೆರಡು ವರ್ಷದ ಹಿಂದೆ ಸುಧಾಕರನೂ ಹೀಗೆಯೇ ಒಂದು ದೊಡ್ಡ ಮೀನು ಏಜೆನ್ಸಿಯ ಕೆಲಸ ಬಿಟ್ಟು ಎದ್ದು ಬಂದವನು. ಆ ಏಜೆನ್ಸಿಯ ಐಸ್ ಗೋದಾಮು ಈಗ ಮದುವೆ ಹಾಲ್. ಅವನು ಕೆಲಸ ಬಿಟ್ಟ ದಿನ ಸಂಜೆ ಶ್ರೀರಾಮ, ಕಂಪ್ಯೂಟರ್ ಓದಿಯೂ ಕೆಲಸ ಸಿಗದೆ, ಹಿರೇಗುತ್ತಿಯ ಗದ್ದೆಯ ಬದುವಿನ ಮೇಲೆ ನಿಂತಿದ್ದ, ಕಾಲಲ್ಲಿ ಕೆಸರು, ಕೈಯಲ್ಲಿ ಗುಂಡಿ ಒತ್ತುವ ಹಳೇ ಫೋನು. 'ಬತ್ಯನಾ?' ಎಂದಿದ್ದ ಸುಧಾಕರ. ಎಲ್ಲಿಗೆ, ಎಂತಕ್ಕೆ ಒಂದೂ ಹೇಳಿರಲಿಲ್ಲ. 'ಬತ್ತೆ' ಎಂದುಬಿಟ್ಟಿದ್ದ. ಹಾಗೆ ಕರೆಸಿಕೊಂಡಾಗಿನ ಸುಖ ಆಮೇಲೆ ಯಾವ ಸಂಬಳದಲ್ಲೂ ಅವನಿಗೆ ಸಿಗಲಿಲ್ಲ.

'ನಮ್ಮ ಕಂಪನಿ ಬೀಳಸ್ತಾರನಾ?' ಎಂದು ಸುಧಾಕರ ಕೇಳಿದ. ಹೊನ್ನಾವರ ಬಿಟ್ಟಾಗಿನಿಂದ ಇದು ಮೂರನೇ ಸಲ.

'ಮೂರೇ ಜನ ಅಲ್ದಾ ಸುಧಾಕರಣ್ಣ.'

'ನಾವೆಷ್ಟು ಜನ ಇದ್ವಿ ಮಾರಾಯ? ಇಬ್ರೇ.' ಸುಧಾಕರ ಸ್ಟಿಯರಿಂಗಿಗೆ ಬೆರಳಿನಿಂದ ಕುಟ್ಟಿದ. 'ತೆಂಗಿನಗುಂಡಿಯಲ್ಲಿ ಎಪ್ಪತ್ತು ದೋಣಿ. ಆ ಧನ್ಯಶ್ರೀಯ ಊರು. ಅವ್ರ ಆಪಿಗೆ ಹೋಗುದಾ ಅಂದೇಳಿ ದೋಣಿಯವ್ರು ಇವತ್ತು ಮಾತಿಗೆ ಸೇರ್ತ್ರು. ಆ ಎಪ್ಪತ್ತು ಹೋತು ಅಂದ್ರೆ ನಾಳೆ ಮುರ್ಡೇಶ್ವರ, ನಾಡಿದ್ದು ಹೊನ್ನಾವರ. ನಾನು ಮಾಡಿದ್ದು ನಂಗೆ ಗೊತ್ತಿಲ್ವಾ? ಅಲ್ಲ, ನಿನ್ನ ಕರೆದಾಗ ಎಂತ ಹೇಳಿದ್ರು ಅವ್ರು? ಸರಿಯಾಗಿ ನೆನಪು ಮಾಡಿ ಹೇಳು.'

'ಎಂತೂ ಜಾಸ್ತಿ ಹೇಳ್ಲಿಲ್ಲ' ಎಂದ ಶ್ರೀರಾಮ. ಇದರಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹುಟ್ಟಿದ್ದು ಹತ್ತು ದಿನದ ಹಿಂದೆ. ಮೂವರೂ ಹೋದ ಮರುದಿನ ಸುಧಾಕರ ಕೋಣೆಗೆ ಕರೆದು, ಬಾಗಿಲು ಹಾಕಿ, 'ನಿನ್ನೂ ಕರೆದಿರ್ತಾರೆ, ನಂಗೊತ್ತು. ಆದ್ರೂ ನೀನು ಹೋಗಿಲ್ಲ' ಎಂದಿದ್ದ. ಶ್ರೀರಾಮ ಆ ನಗು ನಕ್ಕಿದ್ದ. ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. 'ಎಂತ ಅಂದೆ ಅವ್ರಿಗೆ?' ಎಂದು ಸುಧಾಕರ ಕೇಳಿದಾಗ ಅವನ ಬಾಯಿ ತಾನೇ ತೆರೆದುಕೊಂಡು, 'ಬರುದಿಲ್ಲ ಅಂದೆ' ಎಂದುಬಿಟ್ಟಿತು. ಸುಧಾಕರನ ಕಣ್ಣಲ್ಲಿ ನೀರು ಬಂತು. ದೊಡ್ಡ ಆಳು, ಖಾರ್ವಿ ಕೇರಿಯ ಗಟ್ಟಿ ಜೀವ, ಎದ್ದು ಬಂದು ತಬ್ಬಿಕೊಂಡ. ವಾರದೊಳಗೆ ಶ್ರೀರಾಮನಿಗೆ ಗಾಜಿನ ಕ್ಯಾಬಿನ್ನು ಬಂತು, ಬಾಗಿಲಿಗೆ 'ಉಪಾಧ್ಯಕ್ಷ' ಎಂಬ ಹಿತ್ತಾಳೆ ಬೋರ್ಡು ಬಂತು. ಆ ಗಾಜಿನೊಳಗೆ ಕೂತರೆ ಹೊರಗಿನ ಮೂರು ಖಾಲಿ ಕುರ್ಚಿಗಳು ನೇರ ಕಾಣುತ್ತಿದ್ದವು. ಹೊರಗಿನವರಿಗೆ ಅವನೂ ಕಾಣುತ್ತಿದ್ದ, ದಿನವಿಡೀ, ಮೂಗು ಕೆರೆದುಕೊಂಡರೂ. ಮನೆಯಲ್ಲಿ ಉಮಾ ಬೋರ್ಡಿನ ಫೋಟೋ ನೋಡಿ, 'ಚೆಂದ ಇತ್ತು' ಎಂದಳು. ಮತ್ತೆ ಏನೋ ಹೇಳಹೊರಟವಳು ಒಲೆಯ ಕಡೆ ತಿರುಗಿದಳು. ಹೆಂಡತಿಗೂ ಅವನು ನಗುವೊಂದನ್ನೇ ಕೊಟ್ಟಿದ್ದ.

ಯಾಕೆ ಕರೆಯಲಿಲ್ಲ? ವಯಸ್ಸು ನಲವತ್ತೆರಡು ಎಂದೇ? ಅವರೆಲ್ಲ ಕಡಲಿನ ಜನ, ಮೊಗೇರರು, ಖಾರ್ವಿಗಳು, ತಾನು ಗದ್ದೆಯವ, ಮೀನು ತಿನ್ನಲಷ್ಟೇ ಗೊತ್ತಿರುವವ ಎಂದೇ? ಸುಧಾಕರನಿಗೆ ಹೇಳಿಬಿಡುತ್ತಾನೆ ಎಂಬ ಸಂಶಯವೇ? ತಾನು ಹೇಳುತ್ತಿದ್ದೆನೇ? ಮುರ್ಡೇಶ್ವರದ ತಿರುವಿನಲ್ಲಿ ದೊಡ್ಡ ಶಿವನ ಮೂರ್ತಿ ಕಂಡಾಗ ಅವನ ಮನಸ್ಸು ಹೋಗಬಾರದ ಕಡೆಗೆ ಹೋಗಿ ನಿಂತಿತು. ಆ ಗುಡ್ಡದಾಚೆ ಕಡಲು, ಕಡಲಿನಾಚೆ ನೇತ್ರಾಣಿ ದ್ವೀಪ, ಅದರ ಹತ್ತಿರವೇ ಆಗಸ್ಟಿನಲ್ಲಿ ಮಂಜನ ದೋಣಿಯ ಎಂಜಿನ್ನು ನಿಂತಿದ್ದು. ಮಂಜ ಧನ್ಯಶ್ರೀಯ ಅಪ್ಪ. ಆಪಿನಲ್ಲಿ ಹಸಿರು ಚುಕ್ಕಿ, ಕೆಂಪು ಚುಕ್ಕಿ ಎಂದು ಇವೆ. ಅದು ಶ್ರೀರಾಮನೇ ಕೂತು ಬರೆದ ನಿಯಮ. ಹೇಳಿದ ಹೊತ್ತಿಗೆ ದಡಕ್ಕೆ ಬಂದ ದೋಣಿಗೆ ಹಸಿರು. ಅರ್ಧ ಗಂಟೆ ತಡವಾದರೆ ಕೆಂಪು. ಮೂರು ಕೆಂಪು ಬಿದ್ದರೆ ದೋಣಿಯ ಹೆಸರು ಹರಾಜಿನ ಪಟ್ಟಿಯ ತಳಕ್ಕೆ ಹೋಗುತ್ತದೆ. ವ್ಯಾಪಾರಿಗಳು ಮೆಚ್ಚಿದರು, ಸುಧಾಕರ ಮೆಚ್ಚಿದ, ಕಂಪನಿ ಬೆಳೆದದ್ದೇ ಆ ಚುಕ್ಕಿಗಳಿಂದ. ಆದರೆ ಈ ದಡದಲ್ಲಿ ಮೊದಲಿನಿಂದ ಬಂದ ಒಂದು ನಡಾವಳಿಯಿತ್ತು. ಕಡಲಲ್ಲಿ ಕೆಟ್ಟು ನಿಂತ ದೋಣಿಗೆ ಹಗ್ಗ ಕೊಟ್ಟು ಎಳೆದು ತಂದವರು ಎಷ್ಟು ತಡವಾಗಿ ಬಂದರೂ ಮೊದಲ ಕೂಗು ಅವರ ಮೀನಿಗೇ. ಉಳಿದವರೆಲ್ಲ ಬುಟ್ಟಿ ಮುಂದಿಟ್ಟುಕೊಂಡು ಕಾಯಬೇಕು, ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಇದು ಗದ್ದೆಯವನಿಗೆ ಹೇಗೆ ಗೊತ್ತಿರಬೇಕು?

ಗೊತ್ತಿಲ್ಲದೆ ಇರಲಿಲ್ಲ. ಧನ್ಯಶ್ರೀ ಹೇಳಿದ್ದಳು. ದೋಣಿಯವರ ಫೋನು ಎತ್ತುವುದು ಅವಳ ಕೆಲಸ. ಎರಡು ಸಲ ಅವನ ಮೇಜಿನ ಹತ್ತಿರ ಬಂದು ನಿಂತು, 'ಶ್ರೀರಾಮಣ್ಣ, ಹಗ್ಗ ಕೊಟ್ಟವ್ರಿಗೆಲ್ಲ ಕೆಂಪು ಬೀಳ್ತಾ ಇತ್ತು. ಒಂದು ಗುಂಡಿ ಇಡಿ. ಹಗ್ಗ ಕೊಟ್ಟೆ ಅಂದೇಳಿ ಅವ್ರು ಒತ್ತಿದ್ರೆ ಕೆಂಪು ಬೀಳಬಾರ್ದು, ಅಷ್ಟೇ' ಎಂದಿದ್ದಳು. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, 'ಗುಂಡಿ ಇಟ್ರೆ ನಾಳೆಯಿಂದ ಎಲ್ರೂ ಹಗ್ಗ ಕೊಟ್ಟವ್ರೇ. ಸಾಕ್ಷಿ ಎಲ್ಲಿತ್ತು?' ಎಂದ. ಜಾಣತನದ ಮಾತು ಎಂದು ಆಗ ಅನಿಸಿತ್ತು. ಅವಳು ತನ್ನ ಕುರ್ಚಿಗೆ ಹೋದಳು. ಆಗಸ್ಟಿನಲ್ಲಿ ಮಂಜನ ದೋಣಿ ನಿಂತಾಗ ಮೂರು ದೋಣಿಗಳು ನೋಡಿಕೊಂಡೇ ದಾಟಿ ಹೋದವು. ಮೂರಕ್ಕೂ ಅದಾಗಲೇ ಎರಡೆರಡು ಕೆಂಪು ಬಿದ್ದಿತ್ತು. ಮಂಜನೂ ಜೊತೆಗಿದ್ದ ನಾಲ್ವರೂ ಐದು ತಾಸು ಅಲೆಯ ಮೇಲೆ ಬಿದ್ದಿದ್ದರು, ಕೊನೆಗೆ ಯಾವುದೋ ಮಲ್ಪೆಯ ದೋಣಿ ಎಳೆದು ತಂತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ದಡಕ್ಕೆ ಬಂದು ಮಂಜ ಫೋನು ತೆರೆದರೆ ಅವನಿಗೂ ಒಂದು ಕೆಂಪು ಬಿದ್ದಿತ್ತು, ಕೆಳಗೆ ಸಾಲು: 'ನಿಮ್ಮ ವಿಳಂಬದಿಂದ ಗ್ರಾಹಕರಿಗೆ ತೊಂದರೆಯಾಗಿದೆ.' ಗಾಯದ ಮೇಲೆ ಬರೆ. ಆ ಸಾಲನ್ನು ಬರೆದವನೂ ಶ್ರೀರಾಮನೇ, ಒಂದು ಮಧ್ಯಾಹ್ನ, ಊಟವಾದ ಮೇಲೆ, ವಿಳಂಬ ಎನ್ನಲೋ ತಡ ಎನ್ನಲೋ ಎಂದು ಐದು ನಿಮಿಷ ಯೋಚಿಸಿ. ಧನ್ಯಶ್ರೀ ಅದನ್ನು ಆಫೀಸಿನಲ್ಲಿ ಯಾರಿಗೂ ತೋರಿಸಲಿಲ್ಲ, ಗಲಾಟೆ ಮಾಡಲಿಲ್ಲ. ಅವನು ಗುಟ್ಟಾಗಿ ಆ ಕೆಂಪನ್ನು ಅಳಿಸಿದ. ಅಳಿಸಿದ್ದನ್ನು ಅವಳಿಗೆ ಹೇಳಬೇಕೆಂದು ಎರಡು ದಿನ ಕಾದ. ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಬಿಟ್ಟ.

ಶಿರಾಲಿ ದಾಟಿ ಗಾಡಿ ಕಡಲಿನ ಕಡೆ ತಿರುಗಿತು. ತೆಂಗಿನಗುಂಡಿಯಲ್ಲಿ ದೋಣಿಗಳೆಲ್ಲ ದಡದಲ್ಲಿದ್ದವು, ಬಿಸಿಲು ಚುರುಗುಟ್ಟುತ್ತಿತ್ತು. ಬಲೆ ಹೊಲಿಯುವ ಚಪ್ಪರದ ಕೆಳಗೆ ಆಗಲೇ ಮೂವತ್ತು ನಲವತ್ತು ಜನ. ಕಾರು ನಿಲ್ಲಿಸುವ ಹೊತ್ತಿಗೆ ಸುಧಾಕರನ ಫೋನು ಬಡಿದುಕೊಂಡಿತು, ಅವನು ಕೊಂಕಣಿಯಲ್ಲಿ ಕೂಗಾಡುತ್ತ ತಡೆಗೋಡೆಯ ಕಡೆ ಹೋದ. ಶ್ರೀರಾಮ ಒಬ್ಬನೇ ಉಳಿದ. ಚಪ್ಪರದ ಈಚೆ ಧನ್ಯಶ್ರೀ ಒಂದು ಮಗುಚಿದ ಬುಟ್ಟಿಯ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು ಕೂತಿದ್ದಳು, ಪಕ್ಕದಲ್ಲಿ ದೇವರಾಜ; ಲೋಕೇಶ ಬಂದಿರಲಿಲ್ಲ. ಆಫೀಸಿಲ್ಲ, ಕುರ್ಚಿಯಿಲ್ಲ, ಬುಟ್ಟಿಗೆ ಮೀನಿನ ಒಗರು ವಾಸನೆ. ಇದಕ್ಕೆ ಕರೆಯಲಿಲ್ಲವೆಂದೇ ತಾನು ಹನ್ನೊಂದು ದಿನದಿಂದ ಉರಿದುಕೊಂಡದ್ದು? ಹೌದು, ಇದಕ್ಕೇ. ಅವನ ಕಾಲುಗಳು ಅತ್ತಲೇ ಹೋದವು.

'ಬನ್ನಿ ಶ್ರೀರಾಮಣ್ಣ, ಆರಾಮ?' ಎಂದಳು ಧನ್ಯಶ್ರೀ, ಏನೂ ಆಗಿಲ್ಲವೆಂಬಂತೆ.

ಹವೆಯ ಬಗ್ಗೆ, ಅವಳ ಅವ್ವೆಯ ಮಂಡಿನೋವಿನ ಬಗ್ಗೆ ಕೇಳಬೇಕೆಂದುಕೊಂಡವನು ನೇರ ಕೇಳಿಬಿಟ್ಟ. 'ನನ್ನ ಎಂತಕೆ ಕೇಳ್ಲಿಲ್ಲ ನೀವು?'

ದೇವರಾಜ ತಲೆ ತಗ್ಗಿಸಿ ಚಾರ್ಜರಿನ ವಯರು ಸುತ್ತತೊಡಗಿದ. ಧನ್ಯಶ್ರೀ ಮಾತ್ರ ಶ್ರೀರಾಮನನ್ನೇ ನೋಡಿದಳು. 'ದೇವರಾಜ ಕೇಳ್ವಾ ಅಂದಿದ್ದ. ನಾನೇ ಬೇಡ ಅಂದೆ.'

'ಎಂತಕೆ?'

'ನೀವು ಕೆಟ್ಟವ್ರು ಅಂದೇಳಿ ಅಲ್ಲ. ಕೆಲಸದಲ್ಲಿ ನಿಮ್ಮಷ್ಟು ನಮ್ಗೆ ಯಾರಿಗೂ ಬರುದಿಲ್ಲ.' ಅವಳು ಸ್ವಲ್ಪ ತಡೆದಳು. 'ಕಡಲಿಂದ ಬಂದವ ನಿಂತು ಒಂದು ಮಾತು ಹೇಳಿದ್ರೆ, ನಾವು ಅದನ್ನ ಮಾತು ಅಂದೇಳಿ ತಕಂತ್ವಿ. ನೀವು ಸಾಕ್ಷಿ ಕೇಳ್ತ್ರಿ. ಆ ಒಂದು ವಿಷಯಕ್ಕಾಗೇ ನಾವು ಬಿಟ್ಟು ಬಂದದ್ದು. ನಿಮ್ಮನ್ನೇ ಕರ್ಕಂಡು ಬಂದ್ರೆ ಹೆಂಗೆ?'

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಜಗಳವಾಡಿ ಹಗುರಾಗುತ್ತಿದ್ದ. ಆ ಕೆಂಪು ಅಳಿಸಿದ್ದು ನಾನೇ ಎಂದು ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಹಿಂದಿನಿಂದ ಸುಧಾಕರನ ಕೈ ಹೆಗಲ ಮೇಲೆ ಬಿತ್ತು. 'ಬಾ' ಎಂದು ಅವನನ್ನು ದೂಡಿಕೊಂಡೇ ಚಪ್ಪರದೊಳಗೆ ಹೋದ.

ಸುಧಾಕರ ಮಾತಿನಲ್ಲಿ ಗಟ್ಟಿಗ. ಮೊದಲು ಎಲ್ಲರ ಮನೆಯ ಸುದ್ದಿ ಕೇಳಿದ, ಒಬ್ಬ ಮುದುಕನ ಬೀಡಿ ಕಸಿದು ಒಂದು ದಮ್ಮು ಎಳೆದ, ಮಂಜಿಯೆಂಬ ಮೀನು ಮಾರುವ ಹೆಂಗಸನ್ನು, 'ಅಕ್ಕ, ನೀ ಇನ್ನೂ ಗಟ್ಟಿ ಇದ್ಯಲೆ' ಎಂದು ನಗಿಸಿದ. ಆಮೇಲೆ ಆಪಿನಿಂದ ಯಾವ ಯಾವ ಊರಿನ ವ್ಯಾಪಾರಿ ಸಿಕ್ಕಿದ, ಹೊಸಬರ ಹತ್ತಿರ ಎಷ್ಟು ಜನ ವ್ಯಾಪಾರಿಗಳಿದ್ದಾರೆ, ಕೂಸು ನಡೆಯಲು ಕಲಿಯುವವರೆಗೆ ಅದರ ಹಿಂದೆ ತಿರುಗಲು ನಿಮಗೆ ಪುರುಸೊತ್ತಿದೆಯಾ ಎಂದೆಲ್ಲ ಹೇಳಿದ. ಜನ ಕೇಳಿದರು. ಮಂಜ ಕಂಬಕ್ಕೆ ಒರಗಿ ಬಲೆಯ ತೂತಿನಲ್ಲಿ ಬೆರಳಾಡಿಸುತ್ತಿದ್ದ, ಮುಖದಲ್ಲಿ ಏನೂ ಇಲ್ಲ. ಕೆಲವರು ಹೌದಲ್ಲವಾ ಎಂಬಂತೆ ಪರಸ್ಪರ ನೋಡಿಕೊಂಡರು. ಇನ್ನೊಂದು ತಳ್ಳು ಸಾಕು ಎಂದು ಸುಧಾಕರನಿಗೆ ಅನಿಸಿರಬೇಕು. ಶ್ರೀರಾಮನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಂದ.

'ನನ್ನ ಮಾತು ಬಿಡಿ. ಇವನನ್ನ ನೋಡಿ. ಈ ಆಪು ಕಟ್ಟಿದವ ಇವನೇ. ಅವ್ರು ಮೂವರಿಗೂ ಅ ಆ ಕಲಿಸಿದವ ಇವನೇ. ಇವನ್ನೂ ಕರೆದ್ರು, ಕೈಕಾಲು ಹಿಡಿದು ಕರೆದ್ರು. ಬರುದಿಲ್ಲ ಅಂದ. ಒಳಗಿನ ಹೂರಣ ಗೊತ್ತಿದ್ದವನೇ ಅವ್ರ ಸಂಗ್ತಿ ಹೋಗ್ಲಿಲ್ಲ ಅಂದ್ರೆ, ನೀವು ಎಂತ ನಂಬ್ಕಂಡು ಹೋಗ್ತ್ರಿ?'

ಚಪ್ಪರದಲ್ಲಿ ಗುಜುಗುಜು ಎದ್ದಿತು. ನಲವತ್ತು ಜೊತೆ ಕಣ್ಣುಗಳು ಅವನ ಮೇಲೆ. ಹತ್ತು ದಿನ ಅವನೊಬ್ಬನ ಹೊಟ್ಟೆಯಲ್ಲಿದ್ದ ಸುಳ್ಳು ಈಗ ಎಪ್ಪತ್ತು ದೋಣಿಗಳನ್ನು ಹಿಡಿದು ನಿಂತಿತ್ತು. ಶ್ರೀರಾಮನಿಗೆ ಬೆವರು ಕಿವಿಯ ಹಿಂದಿನಿಂದ ಇಳಿಯುವುದು ತಿಳಿಯುತ್ತಿತ್ತು. ಈಗ ಧನ್ಯಶ್ರೀ ಒಂದು ಮಾತು ಹೇಳಿದರಾಯಿತು, ಇಲ್ಲ ಎಂದರಾಯಿತು, ಅವನೂ ಹೋದ, ಕಂಪನಿಯ ಮಾತೂ ಹೋಯಿತು. ಅವಳು ಹೇಳುತ್ತಾಳೆ. ಯಾಕೆ ಹೇಳಬಾರದು? ಅವಳ ಜಾಗದಲ್ಲಿ ತಾನಿದ್ದರೆ ಹೇಳುತ್ತಿರಲಿಲ್ಲವೇ?

ಮಂಜ ಕಂಬದಿಂದ ಬೆನ್ನು ತೆಗೆದ. 'ಹೌದನೇ?' ಎಂದು ಮಗಳನ್ನು ಕೇಳಿದ. 'ಇವ್ರನ್ನ ಕರೆದಿದ್ರ್ಯಾ?'

ಧನ್ಯಶ್ರೀ ಶ್ರೀರಾಮನ ಮುಖ ನೋಡಿದಳು. ಏನು ಕಂಡಳೋ. ಆಮೇಲೆ ಅಪ್ಪನ ಕಡೆ ತಿರುಗಿ, 'ಹೌದಪ್ಪ, ಕರೆದಿದ್ವಿ. ಬರುದಿಲ್ಲ ಅಂದ್ರು' ಎಂದಳು.

ಅಯ್ಯೋ, ಎಂದು ಅವನ ಒಳಗೆ ಯಾರೋ ಕೂಗಿದ ಹಾಗಾಯಿತು. ದೇವರಾಜ ಬೆಚ್ಚಿ ಅವಳನ್ನು ನೋಡಿದ. ಸುಧಾಕರನ ಕೈ ಬೆನ್ನ ಮೇಲೆ ಎರಡು ಸಲ ತಟ್ಟಿತು. ಬದುಕಿದೆ ಎಂದು ಶ್ರೀರಾಮನಿಗೆ ಅನಿಸಬೇಕಾಗಿತ್ತು, ಅನಿಸಲಿಲ್ಲ. ಅವಳು ತನ್ನ ಕೆಲಸಕ್ಕೇ ಕೊಡಲಿ ಹಾಕಿಕೊಂಡಿದ್ದಳು, ಅದೂ ಯಾರಿಗಾಗಿ? ಎರಡು ಸಲ ಬಂದು ನಿಂತಾಗ ತಲೆಯೆತ್ತಿ ನೋಡದವನಿಗಾಗಿ. ನಾಚಿಕೆ ಎಂದರೆ ಇಷ್ಟು ಬಿಸಿಯಿರುತ್ತದೆ ಎಂದು ಅವನಿಗೆ ನಲವತ್ತೆರಡು ವರ್ಷ ಗೊತ್ತಿರಲಿಲ್ಲ.

'ಇಲ್ಲ' ಎಂದ. ಸುಧಾಕರನ ಕೈಯಿಂದ ಬೆನ್ನು ತಪ್ಪಿಸಿಕೊಂಡು ಮತ್ತೆ ಹೇಳಿದ. 'ಇಲ್ಲ. ನನ್ನ ಯಾರೂ ಕರೆದಿರ್ಲಿಲ್ಲ. ಕರೆದ್ರು ಅಂದೇಳಿ ನಾನೇ ಸುಳ್ಳು ಹೇಳಿದ್ದೆ. ಆ ಹುಡುಗಿ ನನ್ನ ಮರ್ಯಾದೆ ಉಳಸೂಕೆ ಹಾಗೆ ಹೇಳ್ತು.' ನಿಲ್ಲಿಸಬೇಕೆಂದರೂ ಬಾಯಿ ನಿಲ್ಲಲಿಲ್ಲ. 'ಮಂಜಣ್ಣ, ನಿಮ್ಮ ದೋಣಿ ನಿಂತಾಗ ಆ ಮೂರು ದೋಣಿಯವ್ರು ದಾಟಿ ಹೋದದ್ದು ನನ್ನ ನಿಯಮದಿಂದ. ಅವ್ರ ತಪ್ಪಲ್ಲ. ಇವಳು ಮೊದಲೇ ಹೇಳಿದ್ಲು, ನಾನು ಕೇಳ್ಲಿಲ್ಲ.'

ಮೂಲೆಯಲ್ಲಿ ಒಬ್ಬ ಎದ್ದು ಹೊರಗೆ ಹೋದ. ದಾಟಿ ಹೋದ ಮೂವರಲ್ಲಿ ಅವನೊಬ್ಬನಿರಬೇಕು. ಮಂಜ ಬಲೆಯನ್ನು ಕೆಳಗಿಟ್ಟ. 'ಸುಧಾಕರ' ಎಂದ ಮೆತ್ತಗೆ, 'ನಿನ್ನ ಕಂಪನಿ ಬೀಳಸೂಕೆ ಇಲ್ಲಿ ಯಾರೂ ಕೂತಿಲ್ಲ. ಅದು ನಿಂತಿರ್ಲಿ. ನಮ್ಮ ದೋಣಿ ನಾವು ತಕಂಡು ಹೋಗ್ತ್ವಿ, ಅಷ್ಟೇ.' ಮೀನು ಮಾರುವ ಮಂಜಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟಳು. ಜನ ಏಳತೊಡಗಿದರು. ಎಪ್ಪತ್ತು ದೋಣಿ ಹೋದ ಸದ್ದು ಅಷ್ಟೇ ಆಗಿತ್ತು, ಪಂಚೆ ಕೊಡವಿಕೊಂಡ ಸದ್ದು.

ಸುಧಾಕರ ಕಾರಿನ ಕಡೆ ಹೊರಟ. ಶ್ರೀರಾಮ ಹಿಂದೆ ಹಿಂದೆ ನಡೆದ. ಬಾಗಿಲು ತೆಗೆದ ಸುಧಾಕರ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದ, ಹರಾಜಿಗೆ ಬಂದ ಮೀನಿನ ಕಿವಿರು ಎತ್ತಿ ನೋಡುವ ಹಾಗೆ. ಬೈಗುಳ ಬರುತ್ತದೆಂದು ಕಾದವನಿಗೆ ಬಂದದ್ದು ಬರೀ ಆಶ್ಚರ್ಯ. 'ಹಾಗಾದ್ರೆ ಅವ್ರಿಗೂ ನೀನು ಬೇಡಾಗಿತ್ತು' ಎಂದ. ಗಾಡಿ ಹತ್ತಿದ. ನೀನೂ ಹತ್ತು ಎನ್ನಲಿಲ್ಲ. ಕಾರು ಹಿಂದೆ ಸರಿದು, ತಿರುಗಿ, ಶಿರಾಲಿಯ ದಾರಿ ಹಿಡಿಯಿತು.

ಅವನು ಅಲ್ಲೇ ನಿಂತ. ದೇವರಾಜ ಒಂದು ಗ್ಲಾಸು ನೀರು ತಂದುಕೊಟ್ಟ. 'ಶ್ರೀರಾಮಣ್ಣ, ನೀವು ಬೇಕಾದ್ರೆ...' ಎಂದು ಶುರುಮಾಡಿ ಧನ್ಯಶ್ರೀಯ ಕಡೆ ನೋಡಿದ, ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ, ಅವನು ಮಾತು ನುಂಗಿಕೊಂಡು, 'ಬೇಕಾದ್ರೆ ಬೈಕಲ್ಲಿ ಶಿರಾಲಿ ತನಕ ಬಿಡ್ತೆ' ಎಂದ. ಆ ಮೊದಲ ಅರ್ಧ ವಾಕ್ಯಕ್ಕೆ ಎದೆ ಹೇಗೆ ಹಾರಿತ್ತೆಂದು ನೆನೆದರೆ ಶ್ರೀರಾಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬೇಡ, ನಡೆದೇ ಹೋಗುತ್ತೇನೆ ಎಂದ. ಗ್ಲಾಸು ತಿರುಗಿ ಕೊಡುವಾಗ ಧನ್ಯಶ್ರೀ, 'ಬಿಸಿಲಿತ್ತು, ಆ ಬದಿಗೆ ನೆರಳಲ್ಲಿ ಹೋಗಿ' ಎಂದಳು.

ನೆರಳಿನಲ್ಲಿ ಸ್ವಲ್ಪ ದೂರ ನಡೆದು ಉಮಾಳಿಗೆ ಫೋನು ಮಾಡಿದ. ಹೇಳದೆ ಬಸ್ಸು ಹತ್ತಲಾರೆ ಅನಿಸಿತು.

'ಉಮಾ, ಅವ್ರು ನನ್ನ ಕರೆದೇ ಇರ್ಲಿಲ್ಲ.'

ಆ ಕಡೆ ನಳದ ನೀರು ನಿಂತಿತು. 'ಗೊತ್ತಿತ್ತು' ಎಂದಳು ಉಮಾ. 'ಮೊದಲ ದಿನವೇ ಗೊತ್ತಿತ್ತು.'

'ಹೆಂಗೆ?'

'ಕರೆದಿದ್ರೆ ನೀವು ಹೋಗ್ತಿದ್ರಿ.'

ಅವನು ಹೌದು ಎಂದ.